ಹಳೇ ಮರದ ಜಾನಪದ ಕಲೆ ಕೊಳ್ಳೋ ಮುಂಚೆ ತಿರುಗಿಸಿ ನೋಡಿ

ಹಳೇ ಮರದ ಗೊಂಬೆ, ಮುಖವಾಡ, ಬಣ್ಣದ ಪೆಟ್ಟಿಗೆ ಇಂಥವು ಕಲೆಕ್ಟ್ ಮಾಡೋರಿಗೆ ಒಂದು ಮಾತು, ಎದುರಿನ ಅಂದ ನೋಡಿ ಮರುಳಾಗ್ಬೇಡಿ, ಮೊದ್ಲು ಹಿಂಭಾಗ, ತಳ ನೋಡಿ. ನಿಜವಾಗ್ಲೂ ಬಳಸಿದ ವಸ್ತು ಕೈ ಹಿಡಿಯೋ ಕಡೆ, ನೆಲಕ್ಕೆ ತಾಗೋ ಕಡೆ ಜಾಸ್ತಿ ಸವೆದಿರುತ್ತೆ, ಎಲ್ಲಾ ಕಡೆ ಒಂದೇ ಸಮ ಸವೆದಿದ್ರೆ ಯಾರೋ ಸ್ಯಾಂಡ್‌ಪೇಪರ್ ಉಜ್ಜಿದಾರೆ ಅಂತಾನೇ ನಂಗೆ ಅನುಮಾನ ಬರೋದು. ಮರ ಒಣಗ್ತಾ ಎಳೆಗೆ ಅಡ್ಡಲಾಗಿ ಹೆಚ್ಚು ಕುಗ್ಗುತ್ತೆ, ಅದಕ್ಕೇ ಹಳೇ ಮರದ ಬಟ್ಟಲು ಅಳೆದ್ರೆ ಸಾಮಾನ್ಯವಾಗಿ ಪೂರ್ತಿ ದುಂಡಗಿರಲ್ಲ (ಟೇಪ್ ಹಿಡ್ಕೊಂಡೇ ಹೋಗಿ). ಪ್ಲಸ್ ಗುರುತಿನ ಸ್ಕ್ರೂ ಬಳಕೆಗೆ ಬಂದಿದ್ದೇ 1930ರ ದಶಕದಲ್ಲಿ, 150 ವರ್ಷ ಹಳೇದು ಅಂದಿದ್ರಲ್ಲಿ ಅದು ಕಂಡ್ರೆ ರಿಪೇರಿನೂ ಆಗಿರ್ಬಹುದು, ಆದ್ರೆ ಕೇಳ್ದೆ ಬಿಡ್ಬೇಡಿ.

ದಯವಿಟ್ಟು ಹಳೇ ಬಣ್ಣ ಕೆರೆದು ಪಾಲಿಶ್ ಹಾಕ್ಬೇಡಿ, ನನ್ನ ಮೊದಲ ಮುಖವಾಡ ಹಾಗೇ ಹಾಳಾಯ್ತು ಇವತ್ತಿಗೂ ಸಂಕಟ ಆಗುತ್ತೆ, ಮೇಲಾಗಿ ಹಳೇ ಬಣ್ಣದಲ್ಲಿ ಸೀಸ ಇರ್ಬಹುದು, ಆ ಧೂಳು ವಿಷ. ಸಣ್ಣ ತೂತಿಂದ ಹಿಟ್ಟಿನ ಥರ ಹೊಸ ಪುಡಿ ಉದುರ್ತಿದ್ರೆ ಒಳಗೆ ಹುಳ ಇನ್ನೂ ಜೀವಂತ ಇರೋ ಸಾಧ್ಯತೆ ಜಾಸ್ತಿ, ಉಳಿದವುಗಳ ಹತ್ರ ಇಡ್ಲೇಬೇಡಿ. ಯಾರಿಂದ ಯಾವಾಗ ತಗೊಂಡ್ರಿ, ಅವ್ರು ಏನು ಹೇಳಿದ್ರು, ಅವತ್ತೇ ಬರೆದಿಡಿ.