ಮೊದಲು ಹಾಸಿಗೆ, ಆಮೇಲೆ ಹೆಜ್ಜೆ: ವೆಸ್ಟ್ ಹೈಲ್ಯಾಂಡ್ ವೇ ನಡಿಗೆಗೆ ನಾನು ಸಿದ್ಧಳಾದ ಬಗೆ

ಸ್ಕಾಟ್ಲೆಂಡಿನ ವೆಸ್ಟ್ ಹೈಲ್ಯಾಂಡ್ ವೇ ಕಾಲುದಾರಿಯನ್ನು ಮೊದಲಿಂದ ಕೊನೆಯವರೆಗೆ ನಡೆದು ಬಂದೆ ಎಂದರೆ ಎಲ್ಲರೂ ಮೊಣಕಾಲಿನ ಬಗ್ಗೆ ವಿಚಾರಿಸುತ್ತಾರೆ. ಐವತ್ತು ದಾಟಿದ ಹೆಂಗಸು 154 ಕಿಲೋಮೀಟರ್ ಹೇಗೆ ನಡೆದಳು ಎಂಬ ಅಚ್ಚರಿ ಅವರದು. ಕಾಲು ಅಭ್ಯಾಸದಿಂದ ಬಲಿಯುತ್ತದೆ. ಸಂಜೆ ಮಲಗಲು ಜಾಗ ಸಿಗದಿದ್ದರೆ ಮಾತ್ರ ಯಾವ ಅಭ್ಯಾಸವೂ ಕೈಹಿಡಿಯುವುದಿಲ್ಲ. ಆದ್ದರಿಂದ ನಾನೂ ನನ್ನ ತಂಗಿಯೂ ಮೈಸೂರಿನ ಮನೆಯಲ್ಲಿ ಕುಳಿತು ಯೋಜನೆ ಹಾಕಿದಾಗ ಮೊದಲು ಬರೆದುಕೊಂಡದ್ದು ಹಾಸಿಗೆಗಳ ಪಟ್ಟಿ.

ಗ್ಲಾಸ್ಗೋ ನಗರದ ಅಂಚಿನ ಮಲ್‌ಗೈ ಎಂಬ ಊರಿನಿಂದ ಬೆನ್ ನೆವಿಸ್ ಶಿಖರದ ಬುಡದಲ್ಲಿರುವ ಫೋರ್ಟ್ ವಿಲಿಯಂವರೆಗೆ ಈ ದಾರಿ ಹೋಗುತ್ತದೆ. 1980ರಲ್ಲಿ ತೆರೆದ ಇದು ಸ್ಕಾಟ್ಲೆಂಡಿನ ಮೊದಲ ಅಧಿಕೃತ ದೂರನಡಿಗೆಯ ದಾರಿ. ದನ ಹೊಡೆದುಕೊಂಡು ಹೋಗುತ್ತಿದ್ದ ಹಳೆಯ ಹಾದಿಗಳು, ಹದಿನೆಂಟನೆಯ ಶತಮಾನದಲ್ಲಿ ಸೈನಿಕರಿಗಾಗಿ ಮಾಡಿದ ರಸ್ತೆಗಳು, ಹಳಿ ಕಿತ್ತ ರೈಲುದಾರಿಯ ಒಂದಿಷ್ಟು ಭಾಗ, ಇವನ್ನೆಲ್ಲ ಹೊಲಿದು ಮಾಡಿದ್ದಾರೆ. ಕವಲು ಒಡೆಯುವ ಕಡೆಯಲ್ಲೆಲ್ಲ ಮರದ ಗೂಟ. ಅದರ ಮೇಲೆ ಷಟ್ಕೋನದೊಳಗೆ ಥಿಸಲ್ ಎಂಬ ಮುಳ್ಳುಗಿಡದ ಹೂವಿನ ಬಿಳಿ ಚಿತ್ರ. ಮಾರ್ಗದರ್ಶಿ ಇಲ್ಲದೆ ಇಬ್ಬರು ಹೆಂಗಸರು ಹೊರಡಲು ನಮಗೆ ಧೈರ್ಯ ಕೊಟ್ಟದ್ದು ಈ ಗೂಟಗಳೇ. ಹಾಗೆಂದು ನಕ್ಷೆ ಬಿಡಲಿಲ್ಲ. ಮಂಜು ಕವಿದಾಗ ಮುಂದಿನ ಗೂಟ ಕಾಣುವುದಿಲ್ಲ, ಮೊಬೈಲಿಗೆ ಸಿಗ್ನಲ್ ಇರುವುದಿಲ್ಲ. ದಾರಿಯನ್ನಷ್ಟೇ ಉದ್ದಕ್ಕೆ ತೋರಿಸುವ, ನೀರಿಗೆ ಹರಿಯದ ನಕ್ಷೆ ಸಿಗುತ್ತದೆ. ಅದನ್ನು ಕೊರಳಿಗೆ ತೂಗುಹಾಕಿಕೊಂಡೆವು.

ಊರುಗಳ ನಡುವಿನ ಅಂತರ ಸುಮಾರಾಗಿ ಹೀಗಿದೆ. ಮಲ್‌ಗೈನಿಂದ ಡ್ರೈಮೆನ್‌ಗೆ 19 ಕಿಲೋಮೀಟರ್, ಅಲ್ಲಿಂದ ಲೋಮಂಡ್ ಸರೋವರದ ದಡದ ರೋವರ್‌ಡೆನನ್‌ಗೆ 24, ಇನ್ವರಾರ್ನನ್‌ಗೆ 22, ಟೈಂಡ್ರಮ್‌ಗೆ 20, ಇನ್ವರೋರನ್‌ಗೆ 15, ಕಿಂಗ್ಸ್‌ಹೌಸ್‌ಗೆ 16, ಕಿನ್ಲಾಕ್‌ಲೆವೆನ್‌ಗೆ 14, ಕೊನೆಗೆ ಫೋರ್ಟ್ ವಿಲಿಯಂಗೆ 24. ಕಾಗದದ ಮೇಲೆ ಸಲೀಸಾಗಿ ಕಾಣುತ್ತದೆ. ಆದರೆ ಇವುಗಳಲ್ಲಿ ಕೆಲವು ಊರುಗಳೇ ಅಲ್ಲ. ಇನ್ವರೋರನ್ ಎಂದರೆ ಒಂದು ಹೋಟೆಲು. ಕಿಂಗ್ಸ್‌ಹೌಸ್ ಎಂದರೆ ಬಯಲಿನ ನಡುವೆ ಇನ್ನೊಂದು ಹೋಟೆಲು, ಪಕ್ಕದಲ್ಲಿ ಬಂಕ್ ಹಾಸಿಗೆಗಳ ಮನೆ. ಇವೆರಡರ ನಡುವೆ ರಾನಕ್ ಮೂರ್ ಎಂಬ ಜೌಗು ಬಯಲಿನ ಅಂಚು. ಚಾವಣಿ ಇರುವ ಜಾಗವೇ ಇಲ್ಲ ಎನ್ನಬಹುದು. ವರ್ಷಕ್ಕೆ ಸಾವಿರಾರು ಜನ ನಡೆಯುವ ದಾರಿಯಲ್ಲಿ ಇಂಥ ಜಾಗದ ಕೋಣೆಗಳು ತಿಂಗಳುಗಟ್ಟಲೆ ಮೊದಲೇ ಮುಗಿದುಹೋಗುತ್ತವೆ.

ಆದ್ದರಿಂದ ನಾವು ಮೊದಲು ಕಾಯ್ದಿರಿಸಿದ್ದು ಕಿಂಗ್ಸ್‌ಹೌಸ್‌ನ ರಾತ್ರಿಯನ್ನು. ಆ ತಾರೀಖು ಗಟ್ಟಿಯಾದ ಮೇಲೆ ಅಲ್ಲಿಂದ ಹಿಂದಕ್ಕೆ ಇನ್ವರೋರನ್, ಟೈಂಡ್ರಮ್ ಎಂದು ಎಣಿಸುತ್ತ ಮಲ್‌ಗೈನಿಂದ ಹೊರಡುವ ದಿನ ಕಂಡುಕೊಂಡೆವು. ವಿಮಾನದ ಟಿಕೆಟ್ ತೆಗೆದದ್ದು ಅದಾದ ಮೇಲೆ. ಎಲ್ಲರೂ ಮಾಡುವುದು ಇದರ ತಿರುಗುಮುರುಗು: ಅಗ್ಗದ ಟಿಕೆಟ್ ನೋಡಿ ರಜೆ ಗುರುತಿಸಿ, ಕೊನೆಗೆ ಕೋಣೆ ಹುಡುಕುತ್ತಾರೆ. ತಂಗುವ ಜಾಗಗಳ ಪಟ್ಟಿ ಕೈಯಲ್ಲಿದ್ದದ್ದರಿಂದ ಬ್ರಿಟನ್ನಿನ ವೀಸಾ ಅರ್ಜಿ ತುಂಬುವುದೂ ಸುಲಭವಾಯಿತು.

ಇನ್ವರೋರನ್‌ನಲ್ಲಿ ನಮಗೆ ಕೋಣೆ ಸಿಗಲಿಲ್ಲ. ಆಗ ನೆರವಿಗೆ ಬಂದದ್ದು ರೈಲು. ಗ್ಲಾಸ್ಗೋದಿಂದ ಫೋರ್ಟ್ ವಿಲಿಯಂಗೆ ಹೋಗುವ ವೆಸ್ಟ್ ಹೈಲ್ಯಾಂಡ್ ರೈಲುದಾರಿ ಕಾಲುದಾರಿಯ ಪಕ್ಕದಲ್ಲೇ ಬಹುದೂರ ಸಾಗುತ್ತದೆ. ಕ್ರಿಯನ್‌ಲಾರಿಕ್, ಅಪ್ಪರ್ ಟೈಂಡ್ರಮ್, ಬ್ರಿಡ್ಜ್ ಆಫ್ ಆರ್ಕಿಗಳಲ್ಲಿ ನಿಲ್ಲುತ್ತದೆ. ಟೈಂಡ್ರಮ್‌ನಲ್ಲೇ ಎರಡು ರಾತ್ರಿ ತಂಗಿದೆವು. ಹಗಲು ಇನ್ವರೋರನ್‌ಗೆ ಮೊದಲೇ ಸಿಗುವ ಬ್ರಿಡ್ಜ್ ಆಫ್ ಆರ್ಕಿಯವರೆಗೆ ನಡೆದು, ರೈಲಿನಲ್ಲಿ ಹಿಂದಿರುಗಿ, ಮರುದಿನ ಬೆಳಿಗ್ಗೆ ಮತ್ತೆ ರೈಲಿನಲ್ಲಿ ಅಲ್ಲಿಗೇ ಹೋಗಿ ನಡಿಗೆ ಮುಂದುವರಿಸಿದೆವು. ದಿನಕ್ಕೆ ಓಡುವ ರೈಲುಗಳು ಬೆರಳೆಣಿಕೆಯಷ್ಟೇ ಆದ್ದರಿಂದ ವೇಳಾಪಟ್ಟಿಯನ್ನು ನಕ್ಷೆಯಷ್ಟೇ ಜೋಪಾನವಾಗಿ ಇಟ್ಟುಕೊಳ್ಳಬೇಕು. ಕಾಲು ಉಳುಕಿದರೆ ಹೊರಬೀಳುವ ದಾರಿಯೂ ಇದೇ.

ಡೇರೆ ಹಾಕಿದರಾಯಿತು ಎಂದು ಕಿರಿಯರು ಹೇಳುತ್ತಾರೆ. 2003ರ ಭೂಸುಧಾರಣಾ ಕಾಯಿದೆ ಸ್ಕಾಟ್ಲೆಂಡಿನಲ್ಲಿ ಬಹುಪಾಲು ನೆಲದ ಮೇಲೆ ಹೊಣೆಯರಿತು ನಡೆಯುವ, ತಂಗುವ ಹಕ್ಕನ್ನು ಎಲ್ಲರಿಗೂ ಕೊಟ್ಟಿದೆ. ನಾನು ಬಹಳ ಮೆಚ್ಚುವ ಕಾಯಿದೆ ಇದು. ಆದರೆ ಲೋಮಂಡ್ ಸರೋವರದ ಪೂರ್ವ ದಡದ ಕೆಲವು ಭಾಗಗಳಲ್ಲಿ ಮಾರ್ಚ್‌ನಿಂದ ಸೆಪ್ಟೆಂಬರ್‌ವರೆಗೆ ಡೇರೆಗೆ ರಾಷ್ಟ್ರೀಯ ಉದ್ಯಾನದ ಪರವಾನಗಿ ಬೇಕು.

ಕಾಲ ಆರಿಸುವಾಗ ಮೇ ಎರಡನೆಯ ಭಾಗವನ್ನು ಹಿಡಿದೆವು. ಆಗ ಬೆಳಕು ಹದಿನಾರು ಗಂಟೆ ಮೀರಿ ಇರುತ್ತದೆ, ಕತ್ತಲಾಗುವ ಆತಂಕವಿಲ್ಲ. ಮೇ ಮೊದಲ ವಾರ ಫೋರ್ಟ್ ವಿಲಿಯಂ ಸುತ್ತಮುತ್ತ ಆರು ದಿನಗಳ ಮೋಟಾರ್ ಸೈಕಲ್ ಸ್ಪರ್ಧೆ ನಡೆಯುವುದರಿಂದ ಕೋಣೆಗಳಿಗೆ ಬೇಡಿಕೆ ಹೆಚ್ಚು. ಜೂನ್ ಬಂತೆಂದರೆ ಮಿಜ್ ಎಂಬ ನೊರಜುಗಳು ಏಳುತ್ತವೆ. ಗಾಳಿ ಬೀಸಿದರೆ ಅವು ಹಾರಲಾರವು. ಗಾಳಿ ನಿಂತ ಮೋಡದ ಸಂಜೆ ಮಾತ್ರ ಮುಖಕ್ಕೆ ಮುತ್ತುತ್ತವೆ. ತಲೆಗೆ ಹಾಕುವ ಸಣ್ಣ ಬಲೆ ಜೇಬಿನಲ್ಲಿರಲಿ. ಉಣುಗಿನ ಭಯವೂ ಇದೆ. ಸೊರಬದ ಕಡೆ, ಮಂಗನ ಕಾಯಿಲೆಯ ಸೀಮೆಯಲ್ಲಿ ಬೆಳೆದವಳಾದ ನನಗೆ ಉಣುಗು ಹೊಸದಲ್ಲ. ಸ್ಕಾಟ್ಲೆಂಡಿನಲ್ಲಿ ಅದು ಹರಡುವುದು ಲೈಮ್ ಎಂಬ ಕಾಯಿಲೆ. ಪ್ರತಿ ರಾತ್ರಿ ಮಂಡಿಯ ಹಿಂಭಾಗ, ಸೊಂಟದ ಪಟ್ಟಿಯ ಜಾಗ ನೋಡಿಕೊಳ್ಳುತ್ತಿದ್ದೆವು. ಕಚ್ಚಿದ್ದರೆ ಸಣ್ಣ ಚಿಮಟದಲ್ಲಿ ಚರ್ಮದ ಹತ್ತಿರವೇ ಹಿಡಿದು ನೇರವಾಗಿ ಎಳೆಯಬೇಕು.

ದಿನದ ಲೆಕ್ಕ ಹಾಕಲು ನೇಸ್ಮಿತ್ ಸೂತ್ರ ಬಳಸಿದೆ. ವಿಲಿಯಂ ನೇಸ್ಮಿತ್ ಎಂಬ ಸ್ಕಾಟಿಷ್ ಪರ್ವತಾರೋಹಿ 1892ರಲ್ಲಿ ಹೇಳಿದ್ದು: ಪ್ರತಿ ಐದು ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಊಟ, ಮಳೆ, ಚಿತ್ರ ತೆಗೆಯುವುದು ಇದರಲ್ಲಿ ಇಲ್ಲ. ನಮ್ಮಂಥವರು ಇದಕ್ಕೆ ಅರ್ಧಪಾಲು ಸೇರಿಸಿಕೊಳ್ಳಬೇಕು. ಲೋಮಂಡ್ ಸರೋವರದ ಮೇಲ್ತುದಿಯಲ್ಲಿ, ಇನ್ವರ್‌ಸ್ನೇಡ್ ದಾಟಿದ ಮೇಲೆ, ಅದೂ ಸಾಲದು. ಏರು ದೊಡ್ಡದೇನಿಲ್ಲ, ಆದರೆ ದಾರಿ ಎಂಬುದೇ ಬಂಡೆಗಳೂ ಓಕ್ ಮರದ ಬೇರುಗಳೂ ಆಗಿಬಿಡುತ್ತದೆ. ಕೈ ಊರಿ ಇಳಿಯಬೇಕು, ಮತ್ತೆ ಹತ್ತಬೇಕು. ಇಡೀ ದಾರಿಯಲ್ಲಿ ಅತಿ ಕಷ್ಟದ ಭಾಗ ಇದೇ ಎಂದು ನನ್ನ ತೀರ್ಮಾನ. ಅಂದು ಬೆಳಿಗ್ಗೆ ಬೇಗ ಹೊರಟದ್ದರಿಂದ ಆತುರವಿರಲಿಲ್ಲ. ನೆರಳಿನಲ್ಲಿ ನೀಲಿ ಬ್ಲೂಬೆಲ್ ಹೂವುಗಳು ಹಾಸಿದ್ದವು. ಗಡ್ಡದ ಕಾಡು ಮೇಕೆಗಳು ಬಂಡೆಯ ಮೇಲೆ ನಿಂತು ನಮ್ಮನ್ನು ನೋಡುತ್ತಿದ್ದವು.

ಅಭ್ಯಾಸಕ್ಕೆ ಚಾಮುಂಡಿ ಬೆಟ್ಟದ ಮೆಟ್ಟಿಲು ಇತ್ತಲ್ಲ. ಬೆನ್ನಿನ ಚೀಲದಲ್ಲಿ ಅಕ್ಕಿ ಪೊಟ್ಟಣ ಹೊತ್ತು, ಅಲ್ಲಿ ಹಾಕುವ ಬೂಟು ಕಾಲುಚೀಲಗಳನ್ನೇ ಹಾಕಿಕೊಂಡು ಹತ್ತಿ ಇಳಿಯುತ್ತಿದ್ದೆವು. ಹತ್ತುವುದಕ್ಕಿಂತ ಇಳಿಯುವುದೇ ಮಂಡಿಗೆ ಒಳ್ಳೆಯ ಪಾಠ. ಬೂಟನ್ನು ಊರಿನಲ್ಲೇ ಹದ ಮಾಡಿಕೊಂಡರೆ ಬೊಬ್ಬೆಯ ಕಾಟ ಅರ್ಧ ತಪ್ಪುತ್ತದೆ.

ಭಾರದ ಚೀಲಗಳನ್ನು ಒಂದು ತಂಗುದಾಣದಿಂದ ಇನ್ನೊಂದಕ್ಕೆ ವ್ಯಾನಿನಲ್ಲಿ ಮುಟ್ಟಿಸುವ ಸೇವೆ ಈ ದಾರಿಯಲ್ಲಿದೆ. “ಅಕ್ಕ, ಹೊತ್ತು ನಡೆದರೇ ನಡಿಗೆ ಅಲ್ಲವೇ?” ಎಂದು ತಂಗಿ ಕೇಳಿದಳು. “ನಾವು ನೋಡಲು ಹೋಗುತ್ತಿದ್ದೇವೆ, ಹೊರಲು ಅಲ್ಲ” ಎಂದೆ. ಮಳೆಕೋಟು, ಮಳೆಪ್ಯಾಂಟು, ಒಂದು ಬೆಚ್ಚನೆ ಅಂಗಿ, ಔಷಧಿ, ನೀರು, ತಿಂಡಿ ಮಾತ್ರ ಬೆನ್ನ ಮೇಲೆ. ಮೇ ತಿಂಗಳಲ್ಲೂ ಒಂದೇ ಮಧ್ಯಾಹ್ನ ಬಿಸಿಲು, ಆಲಿಕಲ್ಲು, ಜಡಿಮಳೆ ಬಂದು ಹೋಗುವ ಸೀಮೆ ಅದು.

ಸಸ್ಯಾಹಾರಿಗಳಿಗೆ ಊಟದ ಚಿಂತೆ ಸಹಜ. ಅವಲಕ್ಕಿ, ಚಟ್ನಿಪುಡಿ, ಹುರಿದ ಕಡಲೆಬೀಜ ಒಯ್ದಿದ್ದೆವು. ಬೆಳಿಗ್ಗೆ ಕೋಣೆಯ ಕೆಟಲ್‌ನ ಬಿಸಿನೀರಿನಲ್ಲಿ ಅವಲಕ್ಕಿ ನೆನೆಸಿದರೆ ಬುತ್ತಿ ಸಿದ್ಧ. ಭಾರತದಿಂದ ಹಾಲಿನ ಪದಾರ್ಥ ಒಯ್ಯಲು ಬ್ರಿಟನ್ನಿನಲ್ಲಿ ನಿಷೇಧವಿದೆ, ಹಾಗಾಗಿ ತುಪ್ಪ, ಪೇಡ ಮನೆಯಲ್ಲೇ ಉಳಿದವು. ರಾತ್ರಿ ಊಟಕ್ಕೆ ಅಲ್ಲಿ ಬೇಳೆಕಾಳು, ಓಟ್ಸ್‌ಗಳಿಂದ ಮಾಡಿದ ಸಸ್ಯಾಹಾರಿ ಹ್ಯಾಗಿಸ್ ಸಿಗುತ್ತದೆ. ಮೆಣಸಿನ ಖಾರವಿರುವ ಅದನ್ನು ಆಲೂಗಡ್ಡೆಯ ಜೊತೆ ಬಿಸಿಬಿಸಿಯಾಗಿ ತಿಂದದ್ದು ಇನ್ನೂ ನೆನಪಿದೆ. ಅಡುಗೆಮನೆಗಳು ಬೇಗ ಮುಚ್ಚುತ್ತವೆ, ಕತ್ತಲಾಗದಿದ್ದರೂ ಎಂಟರೊಳಗೆ ಊಟ ಹೇಳಿಬಿಡಬೇಕು.

ದಕ್ಷಿಣದಿಂದ ಉತ್ತರಕ್ಕೆ ನಡೆಯುವುದೇ ಸರಿ. ಸಾಮಾನ್ಯವಾಗಿ ನೈಋತ್ಯದಿಂದ ಬೀಸುವ ಗಾಳಿಮಳೆ ಬೆನ್ನಿಗೆ ಬೀಳುತ್ತದೆ, ಸುಲಭದ ಹೊಲಗದ್ದೆ ಮೊದಲು ಬಂದು ಪರ್ವತಗಳು ಆಮೇಲೆ ಎದ್ದು ನಿಲ್ಲುತ್ತವೆ. ರಾನಕ್ ಮೂರ್ ದಾಟಿ ಇಳಿಯುವಾಗ ಬೂಕಲ್ ಎಟಿವ್ ಮೋರ್ ಗಿರಿಯ ಕಪ್ಪು ಮುಖ ಎದುರಿಗೆ ಬರುತ್ತದೆ. ಕಿಂಗ್ಸ್‌ಹೌಸ್ ಮುಟ್ಟುವವರೆಗೂ ಅದು ಕಣ್ಣಿನಿಂದ ಮರೆಯಾಗುವುದಿಲ್ಲ. ಮರುದಿನ ಸೈನಿಕರ ಹಳೆಯ ರಸ್ತೆಯ ತಿರುವುಗಳಲ್ಲಿ ಡೆವಿಲ್ಸ್ ಸ್ಟೇರ್‌ಕೇಸ್ ಹತ್ತಿದರೆ 548 ಮೀಟರ್, ಇಡೀ ದಾರಿಯ ಅತಿ ಎತ್ತರದ ಜಾಗ. ಹೆಸರಿಗೆ ಹೆದರಬೇಕಾಗಿಲ್ಲ, ಚಾಮುಂಡಿ ಮೆಟ್ಟಿಲು ಹತ್ತಿದವರಿಗೆ ಅದು ಕಷ್ಟವಲ್ಲ.

ಅಲ್ಲಿಂದ ಇಳಿಯುವಾಗ ಕಣಿವೆಗೆ ಧುಮುಕುವ ದೊಡ್ಡ ಕೊಳವೆಗಳು ಕಂಡವು. ಕಿನ್ಲಾಕ್‌ಲೆವೆನ್‌ನ ಅಲ್ಯೂಮಿನಿಯಂ ಕಾರ್ಖಾನೆಗೆ ವಿದ್ಯುತ್ ಕೊಡಲು 1909ರ ಹೊತ್ತಿಗೆ ಬ್ಲ್ಯಾಕ್‌ವಾಟರ್ ಅಣೆಕಟ್ಟೆ ಕಟ್ಟಿ, ನೀರನ್ನು ಹೀಗೆ ಇಳಿಸಿದ್ದರು. ಕಾರ್ಖಾನೆ 2000ದಲ್ಲಿ ಮುಚ್ಚಿದೆ, ವಿದ್ಯುತ್ ಉತ್ಪಾದನೆ ನಡೆಯುತ್ತಲೇ ಇದೆ. ಶಿವನಸಮುದ್ರದಿಂದ 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹೋದದ್ದನ್ನು ತಂಗಿ ನೆನಪಿಸಿದಳು. ನಾವಿಬ್ಬರೂ ಆ ಕೊಳವೆಗಳ ಪಕ್ಕ ಬಹಳ ಹೊತ್ತು ಕುಳಿತೆವು. ಆ ದಿನಕ್ಕೆ 14 ಕಿಲೋಮೀಟರ್ ಮಾತ್ರ ಇಟ್ಟುಕೊಂಡದ್ದಕ್ಕೆ ಅಲ್ಲಿ ಬಹಳ ಸಂತೋಷವಾಯಿತು.

ಫೋರ್ಟ್ ವಿಲಿಯಂನಲ್ಲಿ ಒಂದು ರಾತ್ರಿ ಹೆಚ್ಚಿಗೆ ಕಾಯ್ದಿರಿಸಿರಿ. ದಾರಿಯಲ್ಲಿ ಒಂದು ದಿನ ತಪ್ಪಿದರೆ ಅದು ಅಲ್ಲಿ ಸರಿಹೋಗುತ್ತದೆ, ಗ್ಲಾಸ್ಗೋ ವಿಮಾನದ ಬಗ್ಗೆ ಪ್ರತಿ ಸಂಜೆ ಚಿಂತಿಸಬೇಕಾಗಿಲ್ಲ. ಯಾವ ದಿನವೂ ತಪ್ಪದಿದ್ದರೆ ಮಲೇಗ್ ರೈಲು ಹತ್ತಿ ಗ್ಲೆನ್‌ಫಿನನ್ ಕಮಾನು ಸೇತುವೆ ನೋಡಿ ಬರಬಹುದು. ನಾವು ಹೋಗಿಬಂದೆವು. ಆ ರೈಲಿಗೂ ಮುಂಗಡ ಟಿಕೆಟ್ ತೆಗೆದಿಡುವುದು ಒಳ್ಳೆಯದು, ಬೇಸಿಗೆಯಲ್ಲಿ ಕಿಟಕಿಯ ಸೀಟು ಸಿಗುವುದು ಕಷ್ಟ.