ಪಟ್ಟಿಯಿಂದ ಬಿಟ್ಟುಹೋದವರ ಪಟ್ಟಿ

2005ರ ಜನವರಿ ಮೊದಲ ವಾರದಲ್ಲಿ ನಾನು ತಮಿಳುನಾಡಿನ ನಾಗಪಟ್ಟಿಣಂ ತಲುಪಿದೆ. ಕೆಜಿಎಫ್‌ನಲ್ಲಿ ಬೆಳೆದವನಾದ್ದರಿಂದ ತಮಿಳು ಬರುತ್ತಿತ್ತು. ಬೆಂಗಳೂರಿನಿಂದ ಹೊರಟ ನಮ್ಮ ತಂಡಕ್ಕೆ ಅಷ್ಟೇ ಸಾಕಾಗಿತ್ತು. ಡಿಸೆಂಬರ್ 26ರ ಭಾನುವಾರದ ಸುನಾಮಿ ಆ ಒಂದೇ ಜಿಲ್ಲೆಯಲ್ಲಿ 6,000ಕ್ಕೂ ಹೆಚ್ಚು ಜೀವಗಳನ್ನು ನುಂಗಿತ್ತು. ಅಕ್ಕರೈಪೇಟ್ಟೈ ಬಳಿ ದೊಡ್ಡ ದೊಡ್ಡ ದೋಣಿಗಳು ಒಂದರ ಮೇಲೊಂದು ಬಿದ್ದಿದ್ದವು. ಶವಗಳನ್ನು ಎತ್ತಿದವರಲ್ಲಿ ಹೆಚ್ಚಿನವರು ಬೇರೆ ಊರುಗಳಿಂದ ಕರೆತಂದ ಪೌರಕಾರ್ಮಿಕರು. ಅವರನ್ನು ನೆನೆಯದೆ ಆ ದಿನಗಳ ಬಗ್ಗೆ ಬರೆಯಲು ನನಗೆ ಮನಸ್ಸು ಬಾರದು.

ಸಾಮಗ್ರಿಗೆ ಬರವಿರಲಿಲ್ಲ. ಲಾರಿಗಳಲ್ಲಿ ಬಂದ ಹಳೆ ಬಟ್ಟೆ ರಸ್ತೆಯ ಪಕ್ಕದಲ್ಲಿ ರಾಶಿ ಬಿದ್ದು ಕೊಳೆಯುತ್ತಿತ್ತು. ಬರವಿದ್ದದ್ದು ಸರಿಯಾದ ಪಟ್ಟಿಗೆ.

ನಾವು ಕೆಲಸ ಮಾಡಿದ ಊರಿನಲ್ಲಿ ಹಂಚಿಕೆ ನಡೆಯುತ್ತಿದ್ದದ್ದು ಮೀನುಗಾರರ ಪಂಚಾಯಿತಿಯ ಪಟ್ಟಿಯಂತೆ. ಊರಿಗೆ ವರಿ, ಅಂದರೆ ತೆರಿಗೆ, ಕಟ್ಟುವ ಗಂಡಸರ ಲೆಕ್ಕವೇ ಆ ಪಟ್ಟಿಗೆ ಆಧಾರ. ಹಿರಿಯರನ್ನು ನಾನು ದೂರುವುದಿಲ್ಲ. ಅವರಲ್ಲಿ ಹಲವರು ಮಕ್ಕಳನ್ನು ಮಣ್ಣು ಮಾಡಿ ಬಂದು ಅಕ್ಕಿ ಹಂಚುತ್ತಿದ್ದರು. ಆದರೆ ಆ ಲೆಕ್ಕದಲ್ಲಿ ಗಂಡನಿಲ್ಲದ ಹೆಂಗಸರಿಗೆ ಜಾಗವಿರಲಿಲ್ಲ. ದೋಣಿಯಿಂದ ಮೀನಿಳಿಸುತ್ತಿದ್ದ, ಐಸ್ ಹೊರುತ್ತಿದ್ದ ದಲಿತ ಕಾಲೊನಿಯವರಿಗೂ ಇರಲಿಲ್ಲ. ಉಪ್ಪುನೀರು ನುಗ್ಗಿದ ಗದ್ದೆಯ ಒಡೆಯನ ನಷ್ಟ ಕಾಗದಕ್ಕೆ ಏರುತ್ತಿತ್ತು, ಅದೇ ಗದ್ದೆಯಲ್ಲಿ ಕೂಲಿ ಕಳೆದುಕೊಂಡವಳದ್ದು ಏರುತ್ತಿರಲಿಲ್ಲ.

ಬಿಟ್ಟುಹೋದವರದೇ ಒಂದು ಪಟ್ಟಿ ಮಾಡಲು ನಾವು ಮನೆಮನೆಗೆ ಹೊರಟೆವು. ಮೊದಲ ದಿನ ನಾನು ಕೇಳಿದ ಪ್ರಶ್ನೆಯೇ ತಪ್ಪಾಗಿತ್ತು. "ನಿಮ್ಮದು ಏನು ಹೋಯಿತು?" ಎಂದರೆ, "ಹೋಗಲು ನಮ್ಮದೇನಿತ್ತು ತಂಬಿ?" ಎಂದು ಒಬ್ಬ ವಿಧವೆ ಸುಮ್ಮನಾದರು. ಮರುದಿನ ಅವರ ಬಳಿಗೇ ಮತ್ತೆ ಹೋಗಿ, "ಅಕ್ಕಾ, ಅಲೆ ಬರುವ ಹಿಂದಿನ ದಿನ, ಆ ಶನಿವಾರ ಬೆಳಿಗ್ಗೆಯಿಂದ ರಾತ್ರಿಯವರೆಗೆ ಏನೇನು ಮಾಡಿದಿರಿ?" ಎಂದು ಕೇಳಿದೆ. ಆಗ ಮಾತು ಹೊರಟಿತು. ನಸುಕಿನಲ್ಲಿ ದಡಕ್ಕೆ ಹೋಗಿ ಸಾಲಕ್ಕೆ ಮೀನು ಕೊಂಡದ್ದು, ಹೊಟ್ಟೆ ಸೀಳಿ ಉಪ್ಪು ಹಚ್ಚಿ ಮರಳಿನ ಮೇಲೆ ಹರಡಿದ್ದು, ಒಣಗಿದ್ದನ್ನು ಬುಟ್ಟಿಯಲ್ಲಿ ಹೊತ್ತು ಒಳನಾಡಿನ ಊರುಗಳಿಗೆ ನಡೆದದ್ದು. ಎರಡು ಅಲ್ಯೂಮಿನಿಯಂ ಬೋಗುಣಿ, ಬುಟ್ಟಿ, ಒಂದು ಮೂಟೆ ಉಪ್ಪು, ಹರಡಿದ್ದ ಮೀನು ಎಲ್ಲವೂ ಕಡಲ ಪಾಲಾಗಿತ್ತು. ವಾರದ ಬಡ್ಡಿಯ ಸಾಲ ಮಾತ್ರ ಉಳಿದಿತ್ತು. ಒಂದು ಪುಟ ಸಾಲದೆ ಮಗ್ಗುಲಿನ ಪುಟಕ್ಕೂ ಬರೆದೆ. ಅಂದಿನಿಂದ ಎಲ್ಲರಿಗೂ ಇದೇ ಪ್ರಶ್ನೆ.

ನೀರಿನ ಜಗಳದಲ್ಲಿಯೂ ಇದೇ ದಾರಿ ಹಿಡಿದೆವು. ಟ್ಯಾಂಕರ್ ಮೀನುಗಾರರ ಕೇರಿಯಾದ ಕುಪ್ಪದ ಬಳಿ ನಿಲ್ಲುತ್ತಿತ್ತು; ಉಳಿದವರು ಹಿಡಿದು ಮುಗಿಸುವವರೆಗೆ ಕಾಲೊನಿಯ ಹೆಂಗಸರು ದೂರ ನಿಲ್ಲಬೇಕಿತ್ತು. ಅವರು ಕೇಳಿದ ಬೈಗುಳವನ್ನು ಬರೆದುಕೊಟ್ಟರೆ, ಹಾಗೆ ಯಾರೂ ಅನ್ನಲಿಲ್ಲ ಎಂಬ ಉತ್ತರ ಬರುತ್ತದೆಂದು ಗೊತ್ತಿತ್ತು. ಹಾಗಾಗಿ ಮೂರು ದಿನ ಕೊಡ ಎಣಿಸಿದೆವು: ಟ್ಯಾಂಕರ್ ಬಂದ ಹೊತ್ತು, ಕಾಲೊನಿಗೆ ಸಿಕ್ಕ ಕೊಡ, ಅಲ್ಲಿನ ತಲೆಗಳು. ಪರಿಹಾರ ಕಾರ್ಯದ ಅಂತರರಾಷ್ಟ್ರೀಯ ಮಾನದಂಡದಂತೆ ಒಬ್ಬರಿಗೆ ದಿನಕ್ಕೆ ಕನಿಷ್ಠ 15 ಲೀಟರ್ ನೀರು ಸಿಗಬೇಕು. ನಮ್ಮ ಲೆಕ್ಕ ಅದರ ಹತ್ತಿರಕ್ಕೂ ಹೋಗಲಿಲ್ಲ. ಕಾಗದ ನೋಡಿದ ಅಧಿಕಾರಿ ವಾದಿಸಲಿಲ್ಲ. ವಾರದೊಳಗೆ ಟ್ಯಾಂಕರ್ ಕಾಲೊನಿಯ ಬಾಯಿಗೇ ಬರತೊಡಗಿತು. ಒಟ್ಟಿಗೆ ಒಂದೇ ಕಡೆ ನೀರು ಹಿಡಿಯುವ ಹಕ್ಕು ಮಾತ್ರ ಇದರಿಂದ ದಕ್ಕಲಿಲ್ಲ. ಅದು ನನ್ನನ್ನು ಇಂದಿಗೂ ಕಾಡುತ್ತದೆ.

ಪಟ್ಟಿ ಸಿದ್ಧವಾದ ಸಂಜೆ ಬೇವಿನ ಮರದಡಿ ಪ್ರತಿ ಹೆಸರನ್ನೂ ಗಟ್ಟಿಯಾಗಿ ಓದಿದೆವು. ತಪ್ಪುಗಳನ್ನು ಅವರೇ ತಿದ್ದಿದರು. ಕಚೇರಿಗೆ ಕೊಟ್ಟಾಗ ಸ್ವೀಕೃತಿಯ ಮೊಹರು ಬೀಳುವವರೆಗೆ ಎದ್ದು ಬರಲಿಲ್ಲ. ಮೊಹರಿನ ಪ್ರತಿಯನ್ನು ಊರಿನ ಹೆಂಗಸರ ಕೈಯಲ್ಲೇ ಬಿಟ್ಟೆವು. ಈ ಕೆಲಸಕ್ಕೆ ಇಳಿಯುವವರಿಗೆ ನಾನು ಒತ್ತಿ ಹೇಳುವುದು ಇದನ್ನೇ: ಮೂಲ ದಾಖಲೆಯನ್ನು ನಿಮ್ಮ ಚೀಲದಲ್ಲಿಟ್ಟುಕೊಂಡು ಊರು ಬಿಡಬೇಡಿ.

ತಿಂಗಳ ನಂತರ ಪರಿಶೀಲನೆಗೆ ಬಂದ ಹೊಸ ಪಟ್ಟಿಯಲ್ಲಿ ಆ ಅಕ್ಕನ ಹೆಸರಿತ್ತು. ಕಸುಬಿನ ಅಂಕಣದಲ್ಲಿ ಮಾತ್ರ ಯಾರೋ 'ಮನೆಗೆಲಸ' ಎಂದು ಬರೆದಿದ್ದರು. ಅಕ್ಕ ತಮ್ಮ ಕೈಯಲ್ಲಿದ್ದ ಹಳೆಯ ಪ್ರತಿಯನ್ನು ಮೇಜಿನ ಮೇಲೆ ಬಿಡಿಸಿಟ್ಟು, ಗುಮಾಸ್ತರು ಅದನ್ನು ಹೊಡೆದು 'ಒಣಮೀನು ವ್ಯಾಪಾರ' ಎಂದು ಬರೆಯುವವರೆಗೂ ಅಲ್ಲಿಯೇ ನಿಂತಿದ್ದರು.