ಚಾಮುಂಡಿ ಬೆಟ್ಟದಲ್ಲಿ ಕಿವಿ ಪಳಗಿಸಿ ನೇತ್ರಾಣಿಯಲ್ಲಿ ಮುಳುಗಿದ್ದು

ಮೊದಲ ಸಲ ಮುರುಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪಕ್ಕೆ ಸ್ಕೂಬಾ ಡೈವಿಂಗಿಗೆ, ಅಂದರೆ ಗಾಳಿಯ ಸಿಲಿಂಡರ್ ಹೊತ್ತು ಕಡಲಲ್ಲಿ ಮುಳುಗಲು, ಹೋದಾಗ ನನ್ನ ಹೆಂಡತಿ ನೀರೊಳಗೆ ನೋಡಿದ್ದು ಬರೀ ಹಗ್ಗ. ದೋಣಿಯ ಲಂಗರಿನ ಹಗ್ಗ. ಅದನ್ನು ಹಿಡಿದು ಎರಡು ಮೀಟರ್ ಇಳಿದಳು, ಎಡಗಿವಿಗೆ ಸೂಜಿ ಚುಚ್ಚಿದ ಹಾಗಾಯಿತು, ಮೇಲೆ ಬಂದಳು. ನಾನು ಮುರುಡೇಶ್ವರದಲ್ಲಿ ಮೂರು ಬನ್ಸ್ ಬಾರಿಸಿ ದೋಣಿ ಹತ್ತಿದ್ದೆ. ದ್ವೀಪ ತಲುಪುವ ಒಂದೂವರೆ ಗಂಟೆಯೂ ಆ ಬನ್ಸನ್ನು ಮೀನುಗಳಿಗೆ ಹಂಚುತ್ತಾ ಹೋದೆ. ತಲೆಗೆ 5,500 ರೂಪಾಯಿಯೋ ಏನೋ ಕಟ್ಟಿದ್ದೆವು. ವಾಪಸ್ ಕೇಳಿದರೆ ನಕ್ಕರು. ಪೆಟ್ರೋಲು, ರೂಮು, ಊಟ ಸೇರಿ ಸುಮಾರು 22,000 ನೀರಿಗೆ ಹೋಯಿತು. ಮಂಡ್ಯಕ್ಕೆ ಬಂದರೆ ಗೆಳೆಯರು, 'ವಿ.ಸಿ. ನಾಲೆಗೆ ಬಿದ್ದಿದ್ರೆ ಬಿಟ್ಟಿಯಾಗಿ ಮುಳುಗಬಹುದಿತ್ತಲ್ಲೋ' ಅಂದರು.

ಈ ಸಲ ಇಬ್ಬರೂ ಒಂಬತ್ತು ಮೀಟರ್ ಹತ್ತಿರ ಇಳಿದು, ಅರ್ಧ ಗಂಟೆಗೆ ಸ್ವಲ್ಪ ಕಡಿಮೆ ಇದ್ದು ಬಂದೆವು. ಅದಕ್ಕೇ ಈ ಬರಹ.

ತಪ್ಪು ಎಲ್ಲಾಗಿತ್ತು ಅಂದರೆ, ಹೋದ ಸಲ ಆಕೆಗೆ ನೆಗಡಿ ಇತ್ತು. ದುಡ್ಡು ಕಟ್ಟಿದ್ದೀವಲ್ಲ ಅಂತ ನಾನೇ ಹೊರಡಿಸಿದೆ. ಎರಡನೆಯದು, ನೀರಿನ ಒತ್ತಡಕ್ಕೆ ಕಿವಿಯ ಒಳಗಿನ ಒತ್ತಡ ಸರಿಹೊಂದಲಿ ಅಂತ 'ಮೂಗು ಹಿಡಿದು ಊದಿ' ಅಂತ ಹೇಳಿಕೊಟ್ಟಿದ್ದರು. ಆಕೆ ನೋವು ಬಂದ ಮೇಲೆ ಊದಿದಳು, ಅದೂ ಜೋರಾಗಿ. ಅಷ್ಟು ಹೊತ್ತಿಗೆ ಕಿವಿ ಬಾಗಿಲು ಹಾಕಿಕೊಂಡಾಗಿತ್ತು.

ಕಿವಿ ಡಾಕ್ಟರಿಗೆ ತೋರಿಸಿದೆವು. ಪರದೆ ಚೆನ್ನಾಗಿದೆ, ತೊಂದರೆಯಿಲ್ಲ ಅಂದರು. ಆಮೇಲೆ ಊದುವುದನ್ನೇ ಬಿಟ್ಟು, ಮೂಗು ಹಿಡಿದು ಎಂಜಲು ನುಂಗುವುದನ್ನು ಹಿಡಿದೆವು. ಎರಡು ತಿಂಗಳು, ದಿನಕ್ಕೆ ನೂರು ಸಲ. ಒಲೆ ಮುಂದೆ, ಬಸ್ ಸ್ಟ್ಯಾಂಡಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿ. ಪಕ್ಕದ ಎಲೆಯವರು ಸಾರು ಹಳಸಿದೆಯೇನೋ ಅಂತ ಮೂಸಿ ನೋಡಿದರು.

ಭಾನುವಾರ ಮೈಸೂರಿಗೆ ಈಜು ಕಲಿಯಲು ಹೋಗುತ್ತಿದ್ದೆವು. ಮುಗಿಸಿ ಸ್ಕೂಟರಲ್ಲಿ ಚಾಮುಂಡಿ ಬೆಟ್ಟ ಹತ್ತುವುದು, ಇಳಿಯುವಾಗ ಪ್ರತಿ ತಿರುವಿಗೂ ಒಂದೊಂದು ಗುಟುಕು. ಬೆಟ್ಟ ಇಳಿದರೂ ನೀರಿಗೆ ಇಳಿದರೂ ಒತ್ತಡ ಏರುತ್ತದೆ ಅಲ್ವಾ? ಆದರೆ ಲೆಕ್ಕ ಹಾಕಿದಾಗ ನಗು ಬಂತು. ಬೆಟ್ಟದ ಸುಮಾರು 300 ಮೀಟರ್ ಇಳಿತ ನೀರಿನಲ್ಲಿ ಬರೀ ಒಂದು ಅಡಿ! ಆದರೂ ನಿಲ್ಲಿಸಲಿಲ್ಲ. ಮೂರನೇ ವಾರವೋ ನಾಲ್ಕನೆಯದೋ, ನಂದಿಯ ಹತ್ತಿರ ಆಕೆ ನನ್ನ ಬೆನ್ನಿಗೆ ಗುದ್ದಿ, 'ಟಿಕ್ ಅಂತು, ಎಡಗಡೆ' ಅಂದಳು. ಕಿವಿ ತೆರೆಯುವ ಆ ಸದ್ದಿನ ಗುರುತು ಸಿಕ್ಕಿದ್ದೇ ದೊಡ್ಡ ಲಾಭ.

ನನ್ನ ಕಷ್ಟ ಮೀಸೆಯದು. ಮುಳುಗುವಾಗ ಕಣ್ಣು, ಮೂಗು ಮುಚ್ಚುವ ಮಾಸ್ಕಿನ ಅಂಚು ಮೀಸೆಯ ಮೇಲೆ ಕೂತರೆ ನೀರು ಜಿನುಗುತ್ತದೆ. ಬೋಳಿಸು ಅಂದರು. ಆಗಲ್ಲ ಅಂದೆ. ವ್ಯಾಸಲಿನ್ ಮೆತ್ತಿ ನೋಡಿದೆ, ಈಜುಕೊಳದಲ್ಲಿ ಪರವಾಗಿಲ್ಲ ಅನ್ನಿಸಿತು, ಆದರೆ ಸಂಜೆವರೆಗೂ ಜಿಡ್ಡು ಹೋಗಲಿಲ್ಲ. ಕೊನೆಗೆ ಮೂಗಿನ ಕೆಳಗೆ ಕಡ್ಡಿಯಷ್ಟು ಅಗಲ ಮಾತ್ರ ತೆಗೆಸಿದೆ. ಎದುರಿಗೆ ನಿಂತವರಿಗೂ ಗೊತ್ತಾಗುವುದಿಲ್ಲ. ಹಳೇ ಕನ್ನಡಕದ ಕಡ್ಡಿ ಮುರಿದು ಗಾಜನ್ನು ಮಾಸ್ಕಿನೊಳಗೆ ಅಂಟಿಸುವ ಪ್ರಯೋಗವೂ ಆಯಿತು. ಎರಡೇ ನಿಮಿಷಕ್ಕೆ ಮಂಜು. ಹೋದದ್ದು 400 ರೂಪಾಯಿ. ನೀರಿನಲ್ಲಿ ಎಲ್ಲ ದೊಡ್ಡದಾಗಿ ಕಾಣುತ್ತದೆ, ನನ್ನ ಪವರಿಗೆ ಅಷ್ಟು ಸಾಕಾಯಿತು.

ನಾಗಮಂಗಲ, ಬೆಳ್ಳೂರು ಕ್ರಾಸ್, ಹಾಸನ, ಸಕಲೇಶಪುರ, ಶಿರಾಡಿ. ದಾರಿ ಎಲ್ಲರಿಗೂ ಗೊತ್ತಿರುವುದೇ, 440 ಕಿಲೋಮೀಟರ್ ಆಸುಪಾಸು. ಘಾಟಿ ಇಳಿಯುವಾಗ ಆಕೆಯ ಕಿವಿಗೆ ಕೊನೇ ಪರೀಕ್ಷೆ. 900 ಮೀಟರಿಗೂ ಮೇಲಿರುವ ಸಕಲೇಶಪುರದಿಂದ ಕಡಲಿಗೆ ಇಳಿದರೆ ನೀರಿನ ಒಂದು ಮೀಟರ್ ಲೆಕ್ಕ. ಗುಂಡ್ಯ ಬರುವಷ್ಟರಲ್ಲಿ ಎರಡೂ ಕಿವಿ ಪಾಸು. ಮರವಂತೆಯಲ್ಲಿ, ಒಂದು ಕಡೆ ಕಡಲು, ಒಂದು ಕಡೆ ಸೌಪರ್ಣಿಕಾ, ಐದೇ ನಿಮಿಷ ನಿಂತೆವು. ಮೀನೂಟ, ಸುತ್ತಾಟ ಎಲ್ಲ ಮುಳುಗಿದ ಮೇಲೆ ಅಂತ ಮೊದಲೇ ಕರಾರಾಗಿತ್ತು.

ವಾರದ ನಡುವೆ ಹೋಗಿದ್ದರಿಂದ ರೇಟೂ ಸ್ವಲ್ಪ ಇಳಿಯಿತು. ಹೇಗೆ ಇಳಿಸಿದೆ ಅಂತ ಇಲ್ಲಿ ಬರೆದರೆ ಮುಂದಿನ ಸಲ ನನಗೇ ಸಿಗುವುದಿಲ್ಲ. ಬೆಳಿಗ್ಗೆ ಎರಡೇ ಇಡ್ಲಿ, ರಾತ್ರಿಯೇ ಒಂದು ವಾಂತಿ ಮಾತ್ರೆ, ದೋಣಿಯ ಹಿಂಭಾಗದಲ್ಲಿ ನಡುವೆ ಜಾಗ. ಕಣ್ಣು ದಿಗಂತದ ಮೇಲೆ. ಮುರುಡೇಶ್ವರದ 123 ಅಡಿಯ ಶಿವ ಹೆಬ್ಬೆರಳಷ್ಟಾದ. ಹೊಟ್ಟೆ ಸುಮ್ಮನಿತ್ತು.

ಇಳಿಯುವಾಗ ತಲೆ ಮೇಲೆ, ಕಾಲು ಕೆಳಗೆ. ನೀರಿಗೆ ತಲೆ ಮುಳುಗುವ ಮೊದಲೇ ಆಕೆ ಒಂದು ಸಲ ನುಂಗಿದಳು. ಆಮೇಲೆ ಹಗ್ಗದ ಮೇಲೆ ಗೇಣು ಗೇಣಿಗೂ ಒಂದು. ಎಡಗಿವಿ ಮೊಂಡು ಹಿಡಿದಾಗ ಅದನ್ನು ಮೇಲಕ್ಕೆ ಮಾಡಿ ಕತ್ತು ಓರೆ ಮಾಡಿದಳು. ಸಿಲಿಂಡರಿನ ಗಾಳಿ ಒಣ ಗಾಳಿ, ಬಾಯಿ ಒಣಗಿದರೆ ನುಂಗಲು ಏನೂ ಇರುವುದಿಲ್ಲ. ಅದಕ್ಕೆ ದೋಣಿಯಲ್ಲೇ ಬಾಯಿಗೆ ಹಾಕಿಕೊಂಡು ಕರಗಿಸಿದ್ದು ಏನು ಅನ್ನುವುದು ಆಕೆಯ ಗುಟ್ಟು, ಕೇಳಿದರೂ ಹೇಳಲ್ಲ. ಜೊತೆಗಿದ್ದ ಬೋಧಕ ಎರಡು ಸಲ 'ಬೇಗ' ಅಂತ ಕೈ ಆಡಿಸಿದ. ಆಕೆ ಕೈ ಅಡ್ಡ ಮಾಡಿ ನಿಲ್ಲಿಸಿದಳು. ಒಂಬತ್ತು ಮೀಟರಿಗೆ ಆರೇಳು ನಿಮಿಷ ಹಿಡಿಯಿತು.

ಕೆಳಗೆ ಬಂಡೆಗೆ ಬಾಯಿ ಹಾಕಿ ಗಿಳಿಮೀನುಗಳು ಮೇಯುತ್ತಿದ್ದವು. ಆ ಕಟಕಟ ಸದ್ದು ಚಕ್ಕುಲಿ ಕಡಿದ ಹಾಗೆ ಕೇಳುತ್ತದೆ. ಆಕೆ ತನ್ನ ಎಡಗಿವಿ ಮುಟ್ಟಿ ತೋರಿಸಿ, ಮೀನನ್ನು ತೋರಿಸಿದಳು.

ಹೋದ ಸಲ ಅವತ್ತೇ ಸಂಜೆ ಘಾಟಿ ಹತ್ತಿದ್ದೆವು. ಮುಳುಗಿ ಬಂದು ಅಷ್ಟು ಎತ್ತರಕ್ಕೆ ಕೂಡಲೇ ಹತ್ತಬಾರದು, ವಿಮಾನ ಹತ್ತಬಾರದು ಅನ್ನುವ ಹಾಗೆಯೇ. ಈ ಸಲ ಒಂದು ಪೂರ್ತಿ ದಿನ ಕಡಲ ಮಟ್ಟದಲ್ಲೇ ಇದ್ದು, ಬಾಕಿ ಇದ್ದ ಮೀನೂಟವೆಲ್ಲ ತೀರಿಸಿದೆವು. ಒಟ್ಟು ಖರ್ಚು 24,000 ದಾಟಿತು.

ಹಾಸನದಲ್ಲಿ ಟೀ ಕುಡಿಯುವಾಗ ಆಕೆ, 'ಮುಂದಿನ ಸಲ ಪೂರ್ತಿ ಕೋರ್ಸೇ ಮಾಡಿಬಿಡೋಣ' ಅಂದಳು. ಎಷ್ಟಾಗುತ್ತೆ ಅಂತ ಕೇಳಿದೆ. ಹೇಳಿದಳು. ಇನ್ನೊಂದು ಟೀ ತರಿಸಿದೆ.